ಡುಲುತ್‌ನ ಮೂರನೆಯ ಡಿಜೆ

ಬಾಗಲಕೋಟೆಯ ಶಿವಬಸಪ್ಪನವರು ಇಂಗ್ಲೆಂಡಿನಲ್ಲಿ ಡಿಜೆ ಆಗಿದ್ದರೆಂದರೆ ಅಮೆರಿಕದ ಜಾರ್ಜಿಯಾದ ಡುಲುತ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ. ಹಣೆಗೆ ವಿಭೂತಿ, ನೆಲಕ್ಕೆಲ್ಲಿ ನೋವಾದೀತೋ ಎಂಬಂಥ ಮೆತ್ತನೆಯ ನಡಿಗೆ. ಆದರೆ ಲೆಸ್ಟರ್ ಊರಿನಲ್ಲಿ ಅವರು ಹಾಕುತ್ತಿದ್ದ ‘ಹೌಸ್’ ಎಂಬ ಕುಣಿತದ ಸಂಗೀತಕ್ಕೆ ಮೂರು ಬೀದಿ ಆಚೆಯ ಕೋಳಿಗಳೂ ತಾಳ ತಪ್ಪದೆ ಕಾಳು ಕುಕ್ಕುತ್ತಿದ್ದವಂತೆ.

ಅಲ್ಲಿ ಎಂಜಿನಿಯರಿಂಗ್ ಓದುವಾಗ ಇವರು, ಹುಬ್ಬಳ್ಳಿಯ ರೋಹಿತ ಮತ್ತು ಲೆಸ್ಟರ್‌ನವನೇ ಆದ ಕಾಲಿನ್ ಸೇರಿ ತಂಡ ಕಟ್ಟಿದ್ದರು. ಹಾಡು ಆರಿಸುವವನು ಕಾಲಿನ್. ಜನರ ಮುಖ ನೋಡಿ ವೇಗ ಏರಿಸುವವನು ರೋಹಿತ. ಶಿವಬಸಪ್ಪನವರದು ಬೆಸುಗೆಯ ಕೆಲಸ: ಒಂದು ಹಾಡು ಮುಗಿದು ಇನ್ನೊಂದು ಶುರುವಾದದ್ದು ಕುಣಿಯುವವರ ಕಾಲಿಗೆ ಗೊತ್ತಾಗಬಾರದು. ಹನ್ನೊಂದು ವರ್ಷದಲ್ಲಿ ಎರಡು ರೆಕಾರ್ಡ್ ಬಂದವು. ಕೊಂಡವರನ್ನೆಲ್ಲ ಒಂದು ಟೆಂಪೋದಲ್ಲಿ ಕೂರಿಸಬಹುದಿತ್ತು, ಅದರಲ್ಲೂ ಡ್ರೈವರ್ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು.

2020ರ ಫೆಬ್ರವರಿಯಲ್ಲಿ ಹೆಂಡತಿ, ಡಾಕ್ಟರ್ ಊರ್ಮಿಳಾಗೆ ಡುಲುತ್ ಹತ್ತಿರ ಕೆಲಸ ಸಿಕ್ಕಿತು. ಇವರು ಬಂದದ್ದು ಹೆಂಡತಿಯ ಬೆನ್ನಿಗೆ ಸಿಗುವ ವೀಸಾದಲ್ಲಿ. ಆ ವೀಸಾದವರು ಉಸಿರಾಡಬಹುದು, ಪಾತ್ರೆ ತೊಳೆಯಬಹುದು, ದುಡಿಯುವಂತಿಲ್ಲ. ಮರುತಿಂಗಳು ಕೋವಿಡ್ ಬಂದು ಇಡೀ ಜಗತ್ತೇ ಇವರ ವೀಸಾಕ್ಕೆ ಸೇರಿಕೊಂಡಿತು. ಮೂವರೂ ಪ್ರತಿ ಭಾನುವಾರ ಇಂಟರ್ನೆಟ್ಟಿನಲ್ಲಿ ನುಡಿಸತೊಡಗಿದರು. ಸಮುದ್ರ ದಾಟುವಷ್ಟರಲ್ಲಿ ತಾಳ ತಡವಾಗುತ್ತಿದ್ದುದರಿಂದ ಒಬ್ಬರು ಮುಗಿಸಿದ ಮೇಲೆ ಒಬ್ಬರು. ವಿಚಿತ್ರವೆಂದರೆ, ಹನ್ನೊಂದು ವರ್ಷ ಬಾರದ ಹೆಸರು ಆ ಭಾನುವಾರಗಳಲ್ಲಿ ಬಂತು. 2022ರ ಕೊನೆಗೆ ಅಮೆರಿಕದ ಕ್ಲಬ್ಬುಗಳಿಂದ ತಂಡಕ್ಕೆ ಕರೆ: ಮುಂದಿನ ಬೇಸಿಗೆಯಲ್ಲಿ ಅಟ್ಲಾಂಟಾ, ಷಾರ್ಲಟ್, ವಾಷಿಂಗ್ಟನ್.

ರೋಹಿತ ಫೋನ್ ಮಾಡಿದ. "ಶಿವು, ಕಲಾವಿದರ ವೀಸಾಕ್ಕ ಹಾಕಾಕತ್ತೀವಿ. ಮೂರೂ ಮಂದಿ ಹೆಸರು ಬೇಕು. ಹದಿನೈದರೊಳಗ ನಿನ್ನ ಪಾಸ್‌ಪೋರ್ಟ್ ಕಾಪಿ ಕಳಸು."

ಕಳಿಸಲು ಅರ್ಧ ನಿಮಿಷ ಸಾಕಿತ್ತು. ಶಿವಬಸಪ್ಪನವರು ವಿಷಯವನ್ನು, ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಶನಿವಾರದ ಪಾಟ್‌ಲಕ್ ಊಟಕ್ಕೆ ಒಯ್ದರು. ಡುಲುತ್‌ನಲ್ಲಿ ಕನ್ನಡಿಗರ ಮನೆ ಮುನ್ನೂರಿದ್ದರೆ ವೀಸಾ ಪಂಡಿತರು ಮುನ್ನೂರೈವತ್ತು. ಐವತ್ತು ಮಂದಿ ಬರೀ ಸಲಹೆ ಕೊಡಲೆಂದೇ ಹುಟ್ಟಿದವರು. ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ನ್ಯಾಯಪೀಠ ಕೂತಿತು. ಗ್ರೀನ್ ಕಾರ್ಡಿಗೆ ಹದಿನಾಲ್ಕು ವರ್ಷ ಕಾದಿದ್ದ ಸೂರ್ಯನಾರಾಯಣ ಅಂಕಲ್ ಮುಖ್ಯ ನ್ಯಾಯಮೂರ್ತಿ.

"ನೋಡಪ್ಪಾ, ನಿನ್ ವೈಫ್ ಗ್ರೀನ್ ಕಾರ್ಡ್ ಫೈಲ್ ಪೆಂಡಿಂಗ್ ಇದೆ. ಈಗ ನಿನ್ ಹೆಸರಲ್ಲಿ ಇನ್ನೊಂದ್ ಪೆಟಿಷನ್ ಹೋದ್ರೆ ಎರಡೂ ಕ್ರಾಸ್ ಆಗುತ್ತೆ. ಕಂಪ್ಯೂಟರ್‌ಗೆ ಡೌಟ್ ಬಂತು ಅಂದ್ರೆ ಮುಗೀತು, ಇಬ್ರೂ ಪ್ಯಾಕ್ ಮಾಡ್ಕೊಳ್ಳಿ."

"ವಕೀಲರನ್ನ ಕೇಳ್ಲೇನ್ರಿ ಅಂಕಲ್?"

"ಕೇಳ್ಲೇಬೇಡ. ಕೇಳಿದ್ರೆ ಬರ್ಕೋತಾರೆ. ನನ್ ಕಸಿನ್ ಒಬ್ಬ ಬರೀ ಕೇಳಿದ್ದಕ್ಕೇ ಈಗ ಮೈಸೂರಲ್ಲಿದಾನೆ."

"ರೊಕ್ಕಾ ತಗೋಳ್ದ ನುಡಿಸಿದ್ರ?"

"ಚಪ್ಪಾಳೇನೂ ಇನ್‌ಕಮ್ಮೇ ಅಂತಾರೆ ಇಲ್ಲಿ."

ಯಾರೂ ನಗಲಿಲ್ಲ. ಎಲ್ಲರೂ ನಿಜವೆಂದೇ ತಲೆಯಾಡಿಸಿದರು.

ಮನೆಯಲ್ಲಿ ಊರ್ಮಿಳಾ ಹೇಳಿದ್ದು ಇಷ್ಟೇ: "ನಾ ಬ್ಯಾಡ ಅನ್ನಂಗಿಲ್ರಿ. ನೀವ ವಿಚಾರ ಮಾಡ್ರಿ." ಎರಡು ವರ್ಷ ಕೋವಿಡ್ ವಾರ್ಡಿನಲ್ಲಿ ದುಡಿದ ಆಕೆಯ ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಹೋಗಿರಲಿಲ್ಲ. ಆಕೆ ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು. ಹದಿನೈದನೇ ತಾರೀಖು ಬಂತು, ಹೋಯಿತು. ಕಾಪಿ ಹೋಗಲಿಲ್ಲ.

ಜೂನ್‌ನಲ್ಲಿ ಶಿವಬಸಪ್ಪನವರು ಟಿಕೆಟ್ ಕೊಂಡು ಅಟ್ಲಾಂಟಾದ ಕ್ಲಬ್ಬಿನಲ್ಲಿ ಜನರ ನಡುವೆ ನಿಂತರು. ವೇದಿಕೆಯ ಮೇಲೆ ಇಬ್ಬರು, ಅವರ ಮಧ್ಯೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಬೆಸುಗೆಯನ್ನು ಅದೇ ಹಾಕುತ್ತಿತ್ತು. ಎಲ್ಲಾದರೂ ಎಡವುತ್ತದೆಯೇ ಎಂದು ಇವರು ಎರಡು ಗಂಟೆ ಕಿವಿಗೊಟ್ಟು ನಿಂತರು. ಎಡವಲಿಲ್ಲ. ಸುತ್ತ ಸಾವಿರ ಜನ ಕುಣಿಯುತ್ತಿದ್ದರು. ಇವರ ಕೈಯೊಂದು ತನ್ನಷ್ಟಕ್ಕೆ ಪ್ಯಾಂಟಿನ ಜೇಬಿನ ಮೇಲೆ ತಾಳ ಹಾಕುತ್ತಿತ್ತು.

ಊರ್ಮಿಳಾಳ ಕಾಗದಗಳು ಒಂದು ಹಂತ ದಾಟಿ, ಇವರಿಗೂ ಕೆಲಸ ಮಾಡುವ ಪರವಾನಗಿ ಕಾರ್ಡು ಕೈಗೆ ಬಂದದ್ದು 2025ರಲ್ಲಿ. ಹೆಂಡತಿಯ ಫೈಲು ನೋಡುತ್ತಿದ್ದ ವಕೀಲರಿಂದ ಕಾರ್ಡು ಇಸಿದುಕೊಳ್ಳುವಾಗ ಶಿವಬಸಪ್ಪನವರು ಹಳೆಯ ಕತೆ ಹೇಳಿದರು. ಆ ವಕೀಲೆ ಕನ್ನಡಕ ತೆಗೆದು, ನೀವು ಕೇಳಿದ್ದರೆ ದಾರಿ ಹುಡುಕಬಹುದಿತ್ತು, ಹೆಂಡತಿಯ ಫೈಲಿಗೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂದರು.

ಪಾರ್ಕಿಂಗ್ ಜಾಗದಿಂದಲೇ ರೋಹಿತನಿಗೆ ಫೋನ್ ಹೋಯಿತು. ಊರ್ಮಿಳಾ ಪಕ್ಕದ ಸೀಟಿನಲ್ಲಿದ್ದರು.

"ಕಾರ್ಡ್ ಬಂತಾ? ಚಲೋ ಆತು ನೋಡು," ಎಂದ ರೋಹಿತ. "ಶಿವು, ಈಗ ಪೋಸ್ಟರ್‌ನ್ಯಾಗ ಇಬ್ಬರ ಹೆಸರು ಐತಿ. ಮುಂದಿನ ವರ್ಷದ ಬುಕಿಂಗೂ ಇಬ್ಬರದ. ಕಾಲಿನ್‌ಗ ನೀ ಮತ್ತ ಬರ್ತಿ ಅಂತ ನಾ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡ ಬಿಡೋ. ಸುಮ್ನ ಫೋನ್ ಮಾಡಿದೆ."

ಫೋನ್ ಇಟ್ಟು ಶಿವಬಸಪ್ಪನವರು ಸೀಟ್ ಬೆಲ್ಟ್ ಹಾಕಿಕೊಂಡರು.

"ರೋಹಿತ ಅವರು ಏನಂದ್ರರಿ?"

"ಚಲೋ ಆತು ಅಂದ."