ಕೊಲೆಗಾರರಿಗೆ ಬಹುವಚನ

ಲಕ್ಷ್ಮಿಕಾಂತ ಶಿವಾಜಿನಗರದ ಆ ವಾರಪತ್ರಿಕೆಯ ಕಚೇರಿಗೆ ಮೊದಲ ಸಲ ಬಂದ ದಿನ, ಸಂಪಾದಕ ರಾಮಯ್ಯನವರು ಅವನಿಂದ ಅರ್ಧ ಪುಟ ಟೈಪ್ ಮಾಡಿಸಿದರು. ಒಂದೂ ತಪ್ಪು ಸಿಗದೆ, ಕನ್ನಡಕ ತೆಗೆದು ಅವನ ಮುಖ ನೋಡಿದರು.

"ಯಾವೂರಪ್ಪಾ ನಿಂದು?"

"ರಾಯಚೂರ್ ಕಡೇವ್ನ್ರಿ ಸರ್."

"ಪರವಾಗಿಲ್ವೇ! ನಾಳೆಯಿಂದ ಬಾ."

ಅದು ೧೯೯೬. ಹಾಗೆ ಕಂಪ್ಯೂಟರಿನ ಮುಂದೆ ಕೂತವನ ಆಸೆ ಬೇರೆಯೇ ಇತ್ತು. ಇನ್ನೊಬ್ಬರು ಬರೆದದ್ದನ್ನು ಟೈಪ್ ಮಾಡುವುದಲ್ಲ, ತಾನೇ ಬರೆಯಬೇಕು. ಅದೂ ಸಿನಿಮಾ ಪುಟವನ್ನು. ಹಲಸೂರಿನ ಒಂದು ಟಾಕೀಸಿಗೆ ಬೆಳಗಿನ ಆಟಕ್ಕೆ ಬರುವ ಇಂಗ್ಲಿಷ್ ಚಿತ್ರಗಳನ್ನು ಅವನು ಬಿಡುತ್ತಿರಲಿಲ್ಲ. ಮೊದಮೊದಲು ಮಾತು ತಿಳಿಯದೆ ಮುಖಗಳನ್ನೇ ಓದುತ್ತಿದ್ದವನಿಗೆ ಬರಬರುತ್ತ ಮಾತೂ ಹಿಡಿತಕ್ಕೆ ಸಿಕ್ಕಿತು. ಅವನ ಕಾಟ ತಾಳದೆ ರಾಮಯ್ಯನವರು ಕೊನೆಗೊಮ್ಮೆ, "ಸರಿ, ಒಂದು ಬರಿ. ಜನ ಒಪ್ಪಿದ್ರೆ ಆ ಪುಟ ನಿಂದೇ" ಎಂದರು.

ಆ ವಾರ ಬಂದಿದ್ದುದು ಬ್ರಿಟನ್ನಿನ ಒಂದು ಪತ್ತೇದಾರಿ ಚಿತ್ರ. ಕಡಿಮೆ ದುಡ್ಡಿನಲ್ಲಿ ತೆಗೆದದ್ದು. ಕಡಲ ದಂಡೆಯಲ್ಲೊಂದು ಹಳೆಯ ವಸತಿಗೃಹ, ಅದರ ಒಡತಿ, ಮೂವರು ಗಂಡಸರು, ಒಬ್ಬ ಪೊಲೀಸ್ ಅಧಿಕಾರಿ, ಒಂದು ಹೆಣ. ಲಕ್ಷ್ಮಿಕಾಂತ ಅದನ್ನು ಎರಡು ಸಲ ನೋಡಿ ಬಂದು ಬರೆದ. ಸೆಟ್ಟಿನ ಬಡತನ ಮುಚ್ಚಲು ಮಂಜು ತುಂಬಿಸಿದ್ದಾರೆ, ಆದರೆ ಆ ಮಂಜಿನಿಂದಲೇ ಭಯ ಹುಟ್ಟುತ್ತದೆ ಎಂದ. ಮೆಟ್ಟಿಲ ಮೇಲೆ ಯಾರೋ ನಿಂತಿರುವುದನ್ನು ತೋರಿಸದೆ, ಕೆಳಗೆ ಕೂತವರ ಕೈಯಲ್ಲಿ ಚಹದ ಬಟ್ಟಲು ನಡುಗುವುದನ್ನು ಮಾತ್ರ ತೋರಿಸಿದ್ದನ್ನು ಹೊಗಳಿದ. ಬೆನ್ನಟ್ಟುವ ಕಾರು ಒಂದೇ ಬೇಲಿಯ ಮುಂದೆ ಮತ್ತೆ ಮತ್ತೆ ಹಾಯುವುದನ್ನು ಗೇಲಿ ಮಾಡಿದ. ಪೊಲೀಸ್ ಅಧಿಕಾರಿ ಕೇಳಲೇಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಚಿತ್ರ ಮಧ್ಯಂತರಕ್ಕೇ ಮುಗಿಯುತ್ತಿತ್ತು ಎಂದೂ ಸೇರಿಸಿದ. ಕಡೆಯ ವಾಕ್ಯ ಹೀಗಿತ್ತು: "ಕೊಂದವರು ಕೊನೆಯವರೆಗೂ ನಮ್ಮ ಕಣ್ಣೆದುರಿಗೇ ಇದ್ದರು ಎಂಬುದೇ ಈ ಚಿತ್ರದ ಶಕ್ತಿ."

ರಾಮಯ್ಯನವರ ಕೆಂಪು ಪೆನ್ನು ಅಲ್ಲಿಗೆ ಬಂದು ನಿಂತಿತು.

"ಎಷ್ಟು ಜನ ಸೇರಿ ಕೊಂದ್ರಪ್ಪಾ?"

"ಒಬ್ರೇ ಸರ್."

"ಒಬ್ರಿಗೆ ಬಹುವಚನ ಯಾಕೆ? ಕೊಲೆಗಡುಕರಿಗೂ ಮರ್ಯಾದೆ ಕೊಡೋ ಕಾಲ ಬಂತಾ? 'ಕೊಂದವನು' ಅಂತ ಮಾಡು."

"ಅವನಲ್ಲ ಸರ್..."

ಬಾಯಿ ಜಾರಿತ್ತು. ರಾಮಯ್ಯನವರ ಮುಖ ಅರಳಿತು.

"ಓಹೋ! ಹಾಗಾದ್ರೆ 'ಕೊಂದವಳು', 'ಇದ್ದಳು'. ಲಿಂಗ, ವಚನ ಎರಡೂ ಸರಿಹೋಯ್ತು ನೋಡು."

"ಸರ್, ಇಡೀ ಚಿತ್ರದಾಗ ಇರೋದೇ ಒಬ್ಬಾಕಿ. ಗುಟ್ಟು ಬಿಟ್ಟುಕೊಟ್ಟಂಗ ಆಗ್ತದ್ರಿ."

"ಗುಟ್ಟು ಸಿನಿಮಾದವರದ್ದು, ವ್ಯಾಕರಣ ನಮ್ಮದು. ಹೇಳಿದ್ದು ಹಾಕಪ್ಪಾ."

ಅವನು ಹಾಕಿದ. ಪುಟ ಅಚ್ಚಿಗೆ ಹೋಯಿತು. ರಾಮಮೂರ್ತಿ ನಗರದಲ್ಲಿ ಬಸ್ಸಿಳಿಯುವಾಗ ಅವನಿಗೆ ಥಟ್ಟನೆ ಹೊಳೆಯಿತು: 'ಕೊಂದ ಕೈ ಕೊನೆಯವರೆಗೂ ಕಣ್ಣೆದುರಿಗೇ ಇತ್ತು' ಎಂದಿದ್ದರೆ ಸಾಕಾಗಿತ್ತು. ಕೈಗೆ ಹೆಣ್ಣು ಗಂಡು ಇಲ್ಲ. ರಾಮಯ್ಯನವರ ಪೆನ್ನೂ ಸುಮ್ಮನಿರುತ್ತಿತ್ತು. ಸ್ಟಾಪಿನಲ್ಲೇ ನಿಂತು ತನ್ನನ್ನು ತಾನೇ ಬೈದುಕೊಂಡ.

ಪತ್ರಿಕೆ ಬಂದಾಗ ಹೆಂಡತಿ ಕಾವೇರಿ ಮೊದಲು ಗಂಡನ ಹೆಸರನ್ನು ಬೆರಳಿಟ್ಟು ಓದಿದಳು, ಆಮೇಲೆ ವಿಮರ್ಶೆಯನ್ನು.

"ಅಂದ್ರ ಆ ಮನಿ ಒಡತಿನೇ ಕೊಂದಾಳೇನ್ರಿ?"

ಅವನು ಊಟ ಬಿಟ್ಟು ಎದ್ದ.

ಟಾಕೀಸಿನಲ್ಲೂ ಅದೇ ಆಯಿತು. ಒಡತಿ ದೀಪ ಹಿಡಿದು ಬಾಗಿಲು ತೆರೆಯುವ ಮೊದಲ ದೃಶ್ಯಕ್ಕೇ ಮುಂದಿನ ಸಾಲಿನಿಂದ ಯಾರೋ, "ಏ ಮಗಾ, ಇವಳೇ ಕಣೋ ಕೊಲೆಗಾತಿ, ಪೇಪರಲ್ಲಿ ಬಂದೈತೆ!" ಎಂದು ಕೂಗಿದ. ಇಡೀ ಟಾಕೀಸು ನಕ್ಕಿತು. ಹೆದರಬೇಕಾದ ಕಡೆಯಲ್ಲೆಲ್ಲ ನಕ್ಕಿತು. ಟಾಕೀಸನ್ನು ಗುತ್ತಿಗೆಗೆ ಹಿಡಿದಿದ್ದ ಕೆಂಪರಾಜ್ ಮರುದಿನವೇ ಪತ್ರಿಕೆಯ ಕಚೇರಿಗೆ ನುಗ್ಗಿದರು.

"ಏನ್ರೀ ರಾಮಯ್ಯನೋರೇ, ಕಥೆ ಎಲ್ಲಾ ನೀವೇ ಹೇಳ್ಬಿಟ್ರೆ ನಾನೇನು ಪರದೆ ಒಗೆದು ಒಣಗಾಕ್ಲಾ? ನಿಮ್ಮ ಪೇಪರಿಗೆ ನನ್ನ ಜಾಹೀರಾತು ಇನ್ಮೇಲೆ ಇಲ್ಲ!"

"ಹೊಸ ಹುಡುಗ, ಕೆಂಪರಾಜ್ ಅವರೇ. ಗೊತ್ತಾಗಿಲ್ಲ ಅವನಿಗೆ."

ಲಕ್ಷ್ಮಿಕಾಂತ ಎದ್ದು ನಿಂತ. "ಸರ್, ನಾನು 'ಕೊಂದವರು' ಅಂತಾನೇ..."

"ಟೈಪ್ ಮಾಡಿದ್ದು ಯಾರಪ್ಪಾ?"

"ನಾನೇ ಸರ್."

"ಮತ್ತೆ?"

ಅವನು ಕೂತ. ಕೆಂಪರಾಜ್ ಅವರ ಕೋಪ ಇಳಿಯಿತು, ಜಾಹೀರಾತು ಉಳಿಯಿತು. ಅವನ ಪುಟ ಹೋಯಿತು.

ಈಗಲೂ ಅವನು ಅದೇ ಕಚೇರಿಯಲ್ಲಿದ್ದಾನೆ. ಸಿನಿಮಾ ಪುಟ ಬರೆಯುವವನು ರಾಮಯ್ಯನವರ ತಂಗಿಯ ಮಗ ಜಗನ್. ಪೋಸ್ಟರ್ ನೋಡಿಯೇ ವಿಮರ್ಶೆ ಬರೆದು ಮುಗಿಸುತ್ತಾನೆ. ಟೈಪ್ ಮಾಡುವವನು ಲಕ್ಷ್ಮಿಕಾಂತನೇ. ಭಾನುವಾರ ಕಾವೇರಿ ಸಿನಿಮಾಕ್ಕೆ ಕರೆದರೆ ತಲೆನೋವೆನ್ನುತ್ತಾನೆ. ಮೊನ್ನೆ ಜಗನ್, ನಾಯಕನ ಹೆಸರನ್ನು ಖಳನಾಯಕನಿಗೆ ಕೊಟ್ಟು ಬರೆದಿದ್ದ. ಲಕ್ಷ್ಮಿಕಾಂತ ಅದನ್ನು ಕಂಡ, ಇದ್ದ ಹಾಗೆಯೇ ಟೈಪ್ ಮಾಡಿದ, ಮುಂದಿನ ಪುಟಕ್ಕೆ ಹೋದ.