ಅಮಾವಾಸ್ಯೆಯ ಮರುದಿನದ ರೀಡಿಂಗ್

ಸೊಲ್ಲಾಪುರ ರಸ್ತೆಯಲ್ಲಿ ಅಣ್ಣನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ನನ್ನ ಕ್ಯಾಲಿಬ್ರೇಷನ್ ಕೆಲಸ. ಎಲೆಕ್ಟ್ರಿಷಿಯನ್ನರ ಮೀಟರುಗಳು ತೋರಿಸುವ ಅಂಕಿ ನಿಜವೇ ಎಂದು ಪರೀಕ್ಷಿಸಿ, ನಿಜವಾದರೆ ಸರ್ಟಿಫಿಕೇಟ್ ಕೊಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದರಿಂದ ನನಗೆ ಉಳಿದದ್ದು ಸಂಶಯ, ಅದರಲ್ಲೂ ನನ್ನ ನೆನಪಿನ ಮೇಲೆ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನು ನಾನು. ಅದಕ್ಕೇ ಪರೀಕ್ಷೆಯನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿದೆ. ಮೀಟರನ್ನೂ, ಹೋಲಿಸಿ ನೋಡಲು ಖಚಿತ ಅಳತೆಯ ನನ್ನ ರೆಸಿಸ್ಟೆನ್ಸ್ ಬಾಕ್ಸನ್ನೂ ಅದಕ್ಕೆ ಜೋಡಿಸಿಟ್ಟರೆ, ತೊರವಿಯ ಮನೆಯಲ್ಲಿ ಚಹಾ ಕುಡಿಯುತ್ತ ಫೋನಿನಿಂದಲೇ ಕೆಲಸ ಶುರು ಮಾಡಬಹುದು.

ಈ ಸಲದ ದ್ರಾಕ್ಷಿ ಹಂಗಾಮಿನಲ್ಲಿ, ಅಮಾವಾಸ್ಯೆಯ ದಿನ, ತಿಕೋಟಾದ ಒಬ್ಬ ಮಹಿಳಾ ಗುತ್ತಿಗೆದಾರರು ವೈರಿಂಗಿನಲ್ಲಿ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ತಮ್ಮ ಇನ್ಸುಲೇಷನ್ ಟೆಸ್ಟರ್ ಬಿಟ್ಟುಹೋದರು. ಮರುದಿನ ಮಧ್ಯಾಹ್ನ ಬಬಲೇಶ್ವರದ ಹೊಸ ಕೋಲ್ಡ್ ಸ್ಟೋರೇಜಿನ ವೈರಿಂಗ್ ತಪಾಸಣೆ. ಸರ್ಟಿಫಿಕೇಟ್ ಇಲ್ಲದ ಟೆಸ್ಟರನ್ನು ಅಧಿಕಾರಿ ಒಪ್ಪುವುದಿಲ್ಲ. ಒಪ್ಪದಿದ್ದರೆ ಕರೆಂಟ್ ಇಲ್ಲ.

ಬೆಳಿಗ್ಗೆ ಮನೆಯಿಂದಲೇ ಪರೀಕ್ಷೆ ಓಡಿಸಿದೆ. ಕೊನೆಯ, ಅತಿ ದೊಡ್ಡ ರೇಂಜಿನಲ್ಲಿ ರೀಡಿಂಗ್ ಬರಬೇಕಾದ್ದಕ್ಕಿಂತ ಬಹಳ ಕಡಿಮೆ ಬಂತು, ಎಲ್ಲೋ ಕರೆಂಟ್ ಸೋರುತ್ತಿದ್ದ ಹಾಗೆ. ಅಂಗಡಿಗೆ ಹೋದರೆ ಅವರು ಆಗಲೇ ಕುಳಿತಿದ್ದರು.

"ಏನ್ರಿ ಸರ, ನನ್ನ ಟೆಸ್ಟರಿಗೆ ಜ್ವರ ಬಂದಾವೇನ?"

ಅಣ್ಣ ನನ್ನತ್ತ ತಿರುಗಿದ. "ಲೇ ತಮ್ಮಾ, ನಿನ್ನೆ ಕೈಲೆ ನೋಡಿ ಛಲೋ ಐತಿ ಅಂದಿ. ಬರದ ಕೊಡು, ಅಕ್ಕಾರು ಹೋಗ್ಲಿ."

"ಅಂದಿದ್ನೇನು?"

ಅವರು ನಕ್ಕರು. "ತಾವ ಅಂದದ್ದ ನೆನಪಿಲ್ಲ, ಮಂದಿ ಮೀಟರಿನ ತಪ್ಪ ಹಿಡೀತಾರ!"

ಅಂದ ನೆನಪು ನನಗೂ ಮಸುಕಾಗಿ ಇತ್ತು. ಆದರೆ ಅದು ಈ ರೇಂಜಿನ ಮಾತೋ, ಬೇರೆಯದೋ? ತಿಳಿಯುವವರೆಗೆ ಸಹಿ ಹಾಕುವುದಿಲ್ಲ ಎಂದೆ. ಅಣ್ಣ ಮುಖ ಸಿಂಡರಿಸಿದ.

ಅವರ ಟೆಸ್ಟರ್ ತೆಗೆದು ನನ್ನದನ್ನು ಜೋಡಿಸಿದೆ. ಅದೂ ಕಡಿಮೆಯೇ ತೋರಿಸಿತು. ವೈರು ಬದಲಿಸಿದೆ, ಆಗಲೂ ಅಷ್ಟೇ ಬಂತು. ವೈರುಗಳನ್ನು ಬಾಕ್ಸಿನಿಂದ ಬಿಚ್ಚಿ ದೂರ ದೂರ ಹಿಡಿದಾಗ ಸೋರಿಕೆ ನಿಂತಿತು. ಅಂದರೆ ಸೋರುತ್ತಿದ್ದುದು ನನ್ನ ಬಾಕ್ಸು. ಅದರ ಮುಖದ ಮೇಲೆ ಮೂರು ವಿಭೂತಿ ಪಟ್ಟೆಗಳಿದ್ದವು. ನಮ್ಮ ಅಂಗಡಿಯಲ್ಲಿ ಪಟ್ಟೆಯಿಲ್ಲದ ಸಾಮಾನೇ ಇಲ್ಲವಾದ್ದರಿಂದ ಅಷ್ಟು ಹೊತ್ತೂ ಅವು ಕಣ್ಣಿಗೆ ಬಿದ್ದಿರಲಿಲ್ಲ. ನೀರಲ್ಲಿ ಕಲಸಿ ಎಳೆದ ಪಟ್ಟೆ, ವೈರು ಸಿಕ್ಕಿಸುವ ಕೆಂಪು ಟರ್ಮಿನಲ್ಲಿನಿಂದ ಕಪ್ಪಿನವರೆಗೂ ಹೋಗಿತ್ತು. ಆ ಒದ್ದೆ ಬೂದಿಯೇ ಕರೆಂಟಿಗೆ ದಾರಿಯಾಗಿತ್ತು.

"ಅಣ್ಣಾ, ಇಲ್ಲಿ ಯಾಕ ಹಚ್ಚಿದಿ?"

"ಪ್ರತಿ ಅಮಾಸಿಗೂ ಮ್ಯಾಲ ಹಚ್ಚತಿದ್ದೆ. ನಿನ್ನೆ ಮ್ಯಾಲ ನಿನ್ನ ಲ್ಯಾಪ್‌ಟಾಪ್ ಕುಂತಿತ್ತು."

ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟಿದ್ದೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ನೋಡಿದರೆ ಅದು ಈಗಲೂ ಬಾಕ್ಸಿನ ಮೇಲೆಯೇ ಇತ್ತು.

"ದೇವರು ಕರೆಂಟ್ ಕುಡದಾನ ಅಂತ ಬರೀರಿ," ಎಂದರು ಅವರು.

"ಅಕ್ಕಾರ, ದೇವರ ಸುದ್ದಿ ಬ್ಯಾಡ್ರಿ," ಎಂದ ಅಣ್ಣ, ಆದರೆ ಸ್ಪಿರಿಟ್ ಬಾಟಲಿ ತಂದುಕೊಟ್ಟವನೂ ಅವನೇ.

ಒರೆಸಿದ ಮೇಲೆ ರೀಡಿಂಗ್ ಏರಿತು, ಆದರೆ ಮಿತಿಯೊಳಗೆ ಬರಲಿಲ್ಲ. "ಇಷ್ಟ ಸಾಕಲ್ಲೋ?" ಎಂದ ಅಣ್ಣ. ಸಾಲದು. ಟರ್ಮಿನಲ್ ಬಿಚ್ಚಿ, ಸಂದಿಯಲ್ಲಿ ಕೂತ ಬೂದಿಯನ್ನು ತೆಗೆದೆ. ವಾರ್ನಿಶ್ ಹಚ್ಚಿದ ಮೋಟರ್ ಒಣಗಿಸುವ ದೊಡ್ಡ ಬಲ್ಬಿನ ಕೆಳಗೆ ಬಾಕ್ಸನ್ನು ಇಟ್ಟು, ಆರಲು ಬಿಟ್ಟೆ. ಅವರು ಸ್ಕೂಟರಿನ ಕೀಲಿ ತಿರುಗಿಸುತ್ತ ಗಡಿಯಾರ ನೋಡುತ್ತಿದ್ದರು. ಆಮೇಲೆ ಕೊನೆಯ ರೇಂಜನ್ನಷ್ಟೇ ನೋಡಿ ಮುಗಿಸಲು ಮನಸ್ಸಾಗದೆ, ಇಡೀ ಪರೀಕ್ಷೆಯನ್ನು ಮೊದಲಿನಿಂದ ಓಡಿಸಿದೆ. ಎಲ್ಲವೂ ಮಿತಿಯೊಳಗೆ ಬಂದವು.

"ಹಂಗಾರ ನಿನ್ನೆ ಛಲೋ ಇತ್ತೋ ಇಲ್ಲೋ?" ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳುತ್ತ ಅವರು ಕೇಳಿದರು.

"ಗೊತ್ತಿಲ್ರಿ. ಇವತ್ತ ಛಲೋ ಐತಿ."

ಟೆಸ್ಟರನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಅವರು ಬಬಲೇಶ್ವರಕ್ಕೆ ಹೊರಟರು.