ಅಜ್ಜಿಯ ಅಂಗಾಲು

ಆಗೆಲ್ಲ ಮುಂಗಾರು ಹಿಡಿದರೆ ನಮ್ಮ ಬೇಗೂರಿನ ಸುತ್ತ ಹೊಲಗಳೆಲ್ಲ ಚೆಂಡು ಹೂವೇ. ಅಂಗಳದಲ್ಲಿ ಹೂವು, ಜಗಲಿಯಲ್ಲಿ ಹೂವು, ತಿನ್ನುವ ಮುದ್ದೆಗೂ ಅದರದೇ ಘಾಟು. ಜನ ಈಗ ಗಾಡಿ ನಿಲ್ಲಿಸಿ ಆ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಮಾತ್ರ ಆ ವಾಸನೆ ಬಂದರೆ ಇವತ್ತಿಗೂ ಗಾಡಿಯ ಗಾಜು ಏರಿಸಿಬಿಡುತ್ತೇನೆ.

ನಾನಾಗ ಐದನೇ ಕ್ಲಾಸು. ಅಪ್ಪನ ತಾಯಿ ನಿಂಗಜ್ಜಿಗೆ ಸಕ್ಕರೆ ಕಾಯಿಲೆ. ಆಶಾ ಕಾರ್ಯಕರ್ತೆ ಸುಶೀಲಕ್ಕ ಮನೆಗೆ ಬಂದು ಬಂದು ಹೇಳುತ್ತಿದ್ದಳು.

"ಅಜ್ಜಿ, ಮುಳ್ ಚುಚ್ಚುದ್ರೂ ನಿಮ್ ಕಾಲ್ಗೆ ಗೊತ್ತಾಗಕ್ಕಿಲ್ಲ. ಬರಿಗಾಲಲ್ಲಿ ಓಗ್ಬ್ಯಾಡಿ."

"ಊವಿನ್ ವಲಕ್ಕೆ ಎಕ್ಡ ಆಕ್ಕಂಡು ಓಗದಾ? ಅದು ದೇವ್ರ ಊವು ಕಣವ್ವ," ಅಜ್ಜಿ ಕೆನ್ನೆ ಬಡಿದುಕೊಂಡಳು.

ದೇವರ ಹೂವಂತೆ! ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುತ್ತಿದ್ದದ್ದು ಮೊದಲ ಕುಯ್ಲಿನ ಒಂದು ಬುಟ್ಟಿ. ಮಿಕ್ಕಿದ್ದೆಲ್ಲ ಲಾರಿಯಲ್ಲಿ, ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಗೆ. ಆದರೂ ನಮ್ಮ ಮನೆಯಲ್ಲಿ ಯಾರೂ ಚಪ್ಪಲಿ ಮೆಟ್ಟಿ ಆ ಹೊಲಕ್ಕೆ ಇಳಿಯುತ್ತಿರಲಿಲ್ಲ. ಅಪ್ಪ ತಂದುಕೊಟ್ಟಿದ್ದ ಮೆತ್ತನೆಯ ಚಪ್ಪಲಿ ಅಟ್ಟದ ಮೇಲೆ ಕೂತಿತ್ತು. ಮಾತ್ರೆ ಮುಗಿದಿದೆ ಎಂದರೆ ಅದೇ ಅಪ್ಪ, "ಕುಯ್ಲು ಮುಗೀಲಿ, ಆಸ್ಪತ್ರೆಗೆ ಓಗನ" ಎನ್ನುತ್ತಿದ್ದ. ಕುಯ್ಲು ಮುಗಿಯುತ್ತಿರಲಿಲ್ಲ.

ಸುಶೀಲಕ್ಕ ಕೊನೆಗೆ ನನ್ನನ್ನು ಹಿಡಿದಳು. "ಅಜ್ಜಿಗೆ ಬಗ್ಗಕ್ಕಾಗಕ್ಕಿಲ್ಲ ಕಣಮ್ಮಿ. ದಿನಾ ಸಂಜೆ ನೀನೇ ಅಂಗಾಲು ನೋಡ್ಬೇಕು. ಗಾಯ ಕಂಡ್ರೆ ನಂಗೇಳು."

ಮೊದಲ ದಿನ ಟಾರ್ಚು ಹಿಡಿದು ಹೋದೆ. ಉಗುರುಸಂದಿಯಲ್ಲಿ ಹೂವಿನ ಸೊನೆ ಕಪ್ಪಗೆ ಮೆತ್ತಿತ್ತು. ಸಗಣಿ, ಬೆವರು, ಹಳೇ ಗೋಣಿಯ ವಾಸನೆ. ವಾಕರಿಕೆ ಬಂತು. ಕಣ್ಣು ಮುಚ್ಚಿಕೊಂಡು, "ಏನಿಲ್ಲ ಕಣಜ್ಜಿ" ಎಂದೆ. ಅಜ್ಜಿ ಸೊಂಟದ ಗಂಟಿನಿಂದ ಬೆಲ್ಲದ ಚೂರು ತೆಗೆದು ನನಗರ್ಧ ಕೊಟ್ಟು ತಾನರ್ಧ ಬಾಯಿಗೆ ಹಾಕಿಕೊಂಡಳು. ಆಮೇಲೆ ದಿನವೂ ಅಷ್ಟೇ. ಬಾಗಿಲಲ್ಲೇ ನಿಂತು "ಏನಿಲ್ಲ" ಎನ್ನುವುದು, ಬೆಲ್ಲ ಕಸಿದುಕೊಂಡು ಕುಂಟೆಬಿಲ್ಲೆಗೆ ಓಡುವುದು.

ಆ ವರ್ಷ ಒಂದು ವಾರ ಲಾರಿ ಬರಲಿಲ್ಲ. ಅಂಗಳದ ರಾಶಿ ಮಳೆಗೆ ಕೊಳೆತು ನೊಣ ಮುತ್ತಿತು. ಮನೆಯೆಲ್ಲ ಗಬ್ಬು. ಅಮ್ಮ ಮೂಗಿಗೆ ಸೆರಗು ಹಿಡಿದೇ ಅಡಿಗೆ ಮಾಡುತ್ತಿದ್ದಳು. "ಆಳಾದ್ ಊವು" ಎಂದು ಎಲ್ಲರೂ ಬೈದರು, ಅಜ್ಜಿಯೂ ಬೈದಳು. ಎಂಟನೇ ದಿನ ಲಾರಿ ಬಂತು. ಒಳ್ಳೆಯದನ್ನು ತುಂಬಿ ಕಳಿಸಿ, ಕೊಳೆತದ್ದನ್ನು ತಿಪ್ಪೆಗೆ ಹಾಕಿ, ಅಮ್ಮ ಅಂಗಳ ತೊಳೆದು ಸಗಣಿ ಸಾರಿಸಿದಳು.

ವಾಸನೆ ಹೋಗಲಿಲ್ಲ.

ಅಪ್ಪ ಮೂಸುತ್ತ ಮೂಸುತ್ತ ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ಬಂದು ನಿಂತ. ಎಡಗಾಲು ಎತ್ತಿ ನೋಡಿದವನೇ, "ಅಯ್ಯೋ, ಉಳ ಬಿದ್ದದಲ್ಲವ್ವಾ!" ಎಂದು ಕೂಗಿದ. ನಾನು ಆಗಲೂ ಮುಖ ತಿರುಗಿಸಿಕೊಂಡೆ. ಜಾಲಿಮುಳ್ಳು ಒಳಗೇ ಮುರಿದಿತ್ತಂತೆ. ಅಜ್ಜಿಗೆ ನೋವೇ ಆಗಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಸಿಡಿಮಿಡಿಗೊಂಡರು. "ಇಷ್ಟಾಗೋವರೆಗೂ ಮನೇಲಿ ಯಾರೂ ನೋಡ್ಲಿಲ್ವಾ?" ನಾನು ಅಪ್ಪನ ಹಿಂದೆ ಸರಿದೆ. ಅಜ್ಜಿ ನನ್ನ ಕಡೆ ತಿರುಗದೆ ಹೇಳಿದಳು, "ನನ್ ಮೊಮ್ಮಗ್ಳು ದಿನಾ ನೋಡ್ತಿತ್ತು ಸಾಮಿ. ನಾನೇ ಕಾಲು ಸರ್ಯಾಗಿ ತೋರ್ಸ್ನಿಲ್ಲ."

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮನೆಗೆ ಬಂದ ಸಂಜೆ ಟಾರ್ಚು ಹಿಡಿದು ಅವಳ ಹತ್ತಿರ ಕೂತೆ, ಉಳಿದ ಕಾಲನ್ನಾದರೂ ನೋಡೋಣವೆಂದು. ಅಜ್ಜಿ ಸೀರೆ ಎಳೆದು ಪಾದ ಮುಚ್ಚಿಕೊಂಡಳು.

"ಬುಡು ಮಗ. ನಿಂಗೆ ಅಸಯ್ಯ ಆಯ್ತದೆ."

ಎಲ್ಲ ಗೊತ್ತಿತ್ತು ಅವಳಿಗೆ. ಅಷ್ಟು ದಿನವೂ ಗೊತ್ತಿದ್ದೇ ಬೆಲ್ಲ ಕೊಟ್ಟಿದ್ದಳು. ಅವತ್ತು ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಈಗ ಅಜ್ಜಿಯಿಲ್ಲ. ನಮ್ಮ ಹೊಲಕ್ಕೆ ಬಾಳೆ ಹಾಕಿದ್ದಾರೆ. ಅಪ್ಪನಿಗೂ ಸಕ್ಕರೆ ಕಾಯಿಲೆ, ಅವನೂ ಬರಿಗಾಲಲ್ಲೇ ತಿರುಗುತ್ತಾನೆ, ಬೈದರೆ ನಗುತ್ತಾನೆ. ಊರಿಗೆ ಹೋದಾಗಲೆಲ್ಲ ಅವನ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯನ್ನೂ ಬಿಡದೆ ನೋಡುತ್ತೇನೆ. ಅವನ ಅಂಗಾಲಿನ ಒಂದೊಂದು ಬಿರುಕೂ ನನಗೆ ಗೊತ್ತು. ಅಜ್ಜಿಯ ಅಂಗಾಲು ಹೇಗಿತ್ತೆಂದು ಮಾತ್ರ ಗೊತ್ತಿಲ್ಲ. ಒಂದು ದಿನವೂ ನಾನದನ್ನು ನೋಡಲಿಲ್ಲ.